ಮಾನ್ಯಖೇಟದ ಕಂಠಾಭರಣ

27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಸುಮಾರು ಕ್ರಿ.ಶ. 850ರಲ್ಲಿ ರಚನೆಯಾದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿದೆ. ಗ್ರಂಥದ ಆರಂಭದಲ್ಲಿ ಆತ ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಮಹಾವೀರ 24 ಸ್ಥಾನಗಳಿಗೆ ಹೆಸರು ಕೊಟ್ಟ. ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ. ಆದರೆ ಅವನ ನಿಜವಾದ ಜಾಣ್ಮೆ ಕಾಣುವುದು ಗುಣಾಕಾರದ ಉದಾಹರಣೆಗಳಲ್ಲಿ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು. ಇಂಥ ಗುಣಲಬ್ಧಗಳನ್ನು ಅವನು ಕೊರಳ ಹಾರವೆಂದು ಕರೆದ.

ಕೈಗೆ ಬಂದ ಸಂಖ್ಯೆಗಳನ್ನು ಗುಣಿಸುತ್ತ ಹೋದರೆ ಇಂಥ ಹಾರ ಸಿಗುವುದಿಲ್ಲ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಅಂದರೆ ಮಹಾವೀರ ಮೊದಲು ಉತ್ತರವನ್ನು ಹಿಡಿದು, ಅದನ್ನು ಒಡೆದು, ಆಮೇಲೆ ಲೆಕ್ಕ ಕೊಟ್ಟಿರಬೇಕು. ಗುಣಾಕಾರದ ಪಾಠದೊಳಗೆ ಅಪವರ್ತನದ ವಿದ್ಯೆಯೇ ಅಡಗಿದೆ.

12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಗಣಿತವನ್ನು ಕನ್ನಡಕ್ಕೆ ತಂದ. ಮಹಾವೀರನ ಗ್ರಂಥ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ. ಇಷ್ಟು ತಡವಾದದ್ದು ಬೇಸರದ ಸಂಗತಿ.

ಅಷ್ಟರಲ್ಲಿ ಈ ಸಂಖ್ಯೆಗಳ ಅಧ್ಯಯನ ಬಹಳ ಮುಂದೆ ಹೋಗಿತ್ತು. 1801ರ ತನ್ನ ಗ್ರಂಥದಲ್ಲಿ ಗೌಸ್ ಆವರ್ತ ದಶಮಾಂಶಗಳನ್ನು ವಿವೇಚಿಸಿದ. 1ನ್ನು 73ರಿಂದ ಭಾಗಿಸಿದರೆ ದಶಮಾಂಶದಲ್ಲಿ 01369863 ಎಂಬ ಎಂಟು ಅಂಕಿಗಳು ಮರುಕಳಿಸುತ್ತವೆ. 73 ಎಂಟು ಒಂದುಗಳ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವುದಕ್ಕೂ ಇದಕ್ಕೂ ಕಾರಣ ಒಂದೇ. 1960ರ ದಶಕದಲ್ಲಿ ಆಲ್ಬರ್ಟ್ ಬೈಲರ್ ಬರೀ ಒಂದುಗಳ ಸಂಖ್ಯೆಗೆ ‘ರೆಪ್ಯುನಿಟ್’ ಎಂದು ಹೆಸರಿಟ್ಟ.

ಇವುಗಳಲ್ಲಿ ಅವಿಭಾಜ್ಯಗಳು ಎಷ್ಟು? ಒಂದುಗಳ ಎಣಿಕೆಯೇ ಅವಿಭಾಜ್ಯವಲ್ಲದಿದ್ದರೆ ಸಂಖ್ಯೆಯೂ ಅವಿಭಾಜ್ಯವಾಗದು. ಎಣಿಕೆ ಅವಿಭಾಜ್ಯವಾದರಷ್ಟೇ ಸಾಲದು: 11111 ಎಂದರೆ 41 ಗುಣಿಸು 271. ಎರಡು ಒಂದುಗಳ 11ರ ನಂತರ ಸಿಕ್ಕುವುದು 19 ಮತ್ತು 23 ಒಂದುಗಳ ಸಂಖ್ಯೆಗಳು.

1978ರಲ್ಲಿ ಹ್ಯೂ ವಿಲಿಯಮ್ಸ್ 317 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು. 1986ರಲ್ಲಿ ಅವರೂ ಹಾರ್ವಿ ಡಬ್ನರ್ ಅವರೂ 1031 ಒಂದುಗಳನ್ನು ಗೆದ್ದರು. ಮುಂದಿನದಕ್ಕೆ 36 ವರ್ಷ ಕಾಯಬೇಕಾಯಿತು: 49081 ಒಂದುಗಳ ಸಂಖ್ಯೆ 2022ರಲ್ಲಿ ಸಾಧಿತವಾಯಿತು, 86453ರದು 2023ರಲ್ಲಿ.

ಇವು ಅನಂತವೇ ಎಂಬುದನ್ನು ಯಾರೂ ಸಾಧಿಸಿಲ್ಲ. ಉಳಿದ ರೆಪ್ಯುನಿಟ್‌ಗಳನ್ನು ಒಡೆಯುವ ಕೆಲಸ ಕಂಪ್ಯೂಟರುಗಳಲ್ಲಿ ಇಂದಿಗೂ ನಡೆದಿದೆ.