ಹೃದಯ ನಿಂತಾಗ ಬೆರಳಿನ ಆಕ್ಸಿಮೀಟರ್ ಮಿದುಳಿನ ಸ್ಥಿತಿ ಹೇಳುತ್ತದೆಯೇ?

ಯಾರಾದರೂ ಕುಸಿದು ಬಿದ್ದರೆ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿ, ಅಂಕಿ ತೀರಾ ಕಡಿಮೆಯಿದ್ದರೆ ಮಿದುಳು ಸತ್ತಿದೆ ಎಂದರ್ಥ. ಹೀಗೊಂದು ವಾಟ್ಸ್ಆ್ಯಪ್ ಸಂದೇಶವನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಓದುಗರು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ನಿಜವಲ್ಲ. ನಂಬಿದರೆ ಜೀವಕ್ಕೇ ಕುತ್ತು.

ಕೊರೊನಾ ಕಾಲದಲ್ಲಿ ನಾವೆಲ್ಲ ಕೊಂಡ ಆ ಪುಟ್ಟ ಯಂತ್ರ ನಂಬಿರುವುದು ನಾಡಿಮಿಡಿತವನ್ನು. ಮಿಡಿದಂತೆಲ್ಲ ಬೆರಳಿನಲ್ಲಿ ರಕ್ತ ಏರಿಳಿಯುವುದನ್ನು ಬೆಳಕಿನಿಂದ ಅಳೆದು ಅಂಕಿ ತೋರಿಸುತ್ತದೆ. ಹೃದಯ ನಿಂತಾಗ ನಾಡಿಯೇ ಇರುವುದಿಲ್ಲ. ಆಗ ಬರುವುದು ಬರೀ ಗೆರೆ, ಇಲ್ಲವೇ ತಪ್ಪು ಅಂಕಿ.

ಮಿದುಳಿನ ಆಮ್ಲಜನಕ ಅಳೆಯುವ ಯಂತ್ರ ಬೇರೆಯೇ ಇದೆ. ಅದರ ಹೆಸರು ಸೆರೆಬ್ರಲ್ ಆಕ್ಸಿಮೀಟರ್. ಹಣೆಗೆ ಅಂಟಿಸುವ ಪಟ್ಟಿಯಿಂದ ಇನ್‌ಫ್ರಾರೆಡ್ ಬೆಳಕು ಬುರುಡೆಯನ್ನು ದಾಟಿ, ಮಿದುಳಿನ ಮುಂಭಾಗದ ಹೊರಪದರವನ್ನು ಮುಟ್ಟಿ ಮರಳುತ್ತದೆ. 1977ರಲ್ಲಿ ವಿಜ್ಞಾನಿ ಫ್ರಾನ್ಸ್ ಯೋಬ್ಸಿಸ್ ತೋರಿಸಿಕೊಟ್ಟ ವಿಧಾನ ಇದು. ಇದಕ್ಕೆ ನಾಡಿ ಬೇಕಿಲ್ಲ. ಅಳೆಯುವುದು ಹೆಚ್ಚಾಗಿ ಮಿದುಳಿನಿಂದ ಮರಳುವ ರಕ್ತವನ್ನಾದ್ದರಿಂದ ಆರೋಗ್ಯವಂತರಲ್ಲೂ ಅಂಕಿ ಸುಮಾರು 60ರಿಂದ 80. ಬೆರಳಿನ 98 ನೋಡಿ ರೂಢಿಯಾದವರು ಇಲ್ಲಿ 65 ಕಂಡರೆ ಬೆಚ್ಚಿಬೀಳುವುದು ಖಂಡಿತ!

ವೈದ್ಯ ಸ್ಯಾಮ್ ಪಾರ್ನಿಯಾ ಅವರ ತಂಡ 2016ರಲ್ಲಿ, ಆಸ್ಪತ್ರೆಯಲ್ಲೇ ಹೃದಯ ಸ್ತಂಭನವಾದ 183 ರೋಗಿಗಳ ಅಧ್ಯಯನ ಪ್ರಕಟಿಸಿತು. ಹೃದಯ ಮತ್ತೆ ಮಿಡಿದವರಲ್ಲಿ ಸಿಪಿಆರ್ ವೇಳೆಯ ಸರಾಸರಿ ಅಂಕಿ ಸುಮಾರು 52, ಮಿಡಿಯದವರಲ್ಲಿ 41. ಇದೇ ತಂಡದ 2023ರ ಅಧ್ಯಯನದಲ್ಲಿ, ಸಿಪಿಆರ್ ಶುರುವಾಗಿ 35ರಿಂದ 60 ನಿಮಿಷಗಳ ನಂತರವೂ ಕೆಲವರ ಮಿದುಳಿನಲ್ಲಿ ಸಹಜಕ್ಕೆ ಹತ್ತಿರದ ಅಲೆಗಳು ಕಂಡವು. ಅಂಕಿ ಕಡಿಮೆ ಎಂದ ಮಾತ್ರಕ್ಕೆ ಮಿದುಳು ಸತ್ತಿದೆ ಎನ್ನಲಾಗದು. ಅದೊಂದನ್ನೇ ನೋಡಿ ವೈದ್ಯರೂ ಕೈಬಿಡುವುದಿಲ್ಲ.

ಇನ್ನು ನಮ್ಮೂರಿನ ಲೆಕ್ಕ. ಸಿರುಗುಪ್ಪದಿಂದ ಬಳ್ಳಾರಿಯ ಬಿಎಂಸಿಆರ್‌ಸಿಗೆ (ಜನರ ಬಾಯಲ್ಲಿ ಇನ್ನೂ ವಿಮ್ಸ್) 50 ಕಿಲೋಮೀಟರಿಗೂ ಹೆಚ್ಚು. ಕುರುಗೋಡು ಹತ್ತಿರವಾದರೂ ಅರ್ಧ ಗಂಟೆಯ ದಾರಿ. ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟಿದ್ದರೂ ಆಮ್ಲಜನಕದಲ್ಲಿ ಶೇ. 20ರಷ್ಟನ್ನು ಬಳಸುತ್ತದೆ. ರಕ್ತ ನಿಂತರೆ 4–5 ನಿಮಿಷದಲ್ಲೇ ಹಾನಿ ಶುರು. ಎದೆ ಒತ್ತುವುದರಿಂದ ಸಿಗುವುದು ಸಹಜ ಹರಿವಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಅಷ್ಟಾದರೂ ಮಿದುಳಿಗೆ ತಲುಪಬೇಕಾದರೆ ಪಕ್ಕದಲ್ಲಿರುವವರೇ ಒತ್ತಬೇಕು.

ಹಾಗಾಗಿ ಆಕ್ಸಿಮೀಟರ್ ಹುಡುಕುತ್ತಾ ಕೂರಬೇಡಿ, ಬಾಯಿಗೆ ನೀರು ಹಾಕಬೇಡಿ. ಭುಜ ತಟ್ಟಿ ಕೂಗಿ. ಉತ್ತರವಿಲ್ಲ, ಉಸಿರೂ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆಯುತ್ತಿದ್ದಾರೆ ಎಂದಾದರೆ 108ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ವಯಸ್ಕರಾದರೆ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, 5–6 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಇನ್ನೊಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಆಂಬುಲೆನ್ಸ್‌ನವರು ಬಂದು ವಹಿಸಿಕೊಳ್ಳುವವರೆಗೆ, ಇಲ್ಲವೇ ಅವರೇ ಉಸಿರಾಡುವವರೆಗೆ ನಿಲ್ಲಿಸಬೇಡಿ.