ಗಾಲಿಮನೆಯೂ ಕಡಲೂರಿನ ಇರುಳೂ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಪೂರ್ವ ಕರಾವಳಿಯಲ್ಲಿ ಸ್ಕಾರ್ಬರೋ ಎಂಬ ಊರಿದೆ. ಕಡಲಿಗೆ ಚಾಚಿಕೊಂಡ ಒಂದು ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ, ಆ ಗುಡ್ಡದ ಎರಡು ಮಗ್ಗುಲಿಗೂ ಮರಳ ದಂಡೆ. ಒಂದಕ್ಕೆ ಉತ್ತರ ಕೊಲ್ಲಿಯೆಂದೂ ಇನ್ನೊಂದಕ್ಕೆ ದಕ್ಷಿಣ ಕೊಲ್ಲಿಯೆಂದೂ ಹೆಸರು. ಬೇಸಗೆ ಬಂದಿತೆಂದರೆ ಊರ ತುಂಬ ನೆಂಟರು. ನೆಂಟರಿಂದಲೇ ಬದುಕುವ ಈ ಊರಿನಲ್ಲಿ ಕೆಲವು ವರ್ಷಗಳಿಂದ ನೆಂಟರ ವಿಷಯವಾಗಿಯೇ ಒಂದು ವ್ಯಾಜ್ಯ ಬೆಳೆದಿದೆ. ಮಂಚ, ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡು ಓಡಾಡುವ ಮೋಟಾರು ಬಂಡಿಗಳಿವೆಯಷ್ಟೆ. ಆಂಗ್ಲರು ಇವನ್ನು ಮೋಟಾರ್‌ಹೋಮ್ ಎನ್ನುತ್ತಾರೆ. ನಾವು ಗಾಲಿಮನೆ ಎನ್ನೋಣ. ಇವು ಉತ್ತರ ಕೊಲ್ಲಿಯ ಅಂಚಿನಲ್ಲಿ, ೧೮೯೦ರಲ್ಲಿ ತೆರೆದ ರಾಯಲ್ ಆಲ್ಬರ್ಟ್ ಡ್ರೈವ್ ಎಂಬ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತವೆ. ಇರುಳನ್ನೂ ಅಲ್ಲಿಯೇ ಕಳೆಯುತ್ತವೆ. ೨೦೨೩ರಲ್ಲಿ ಸ್ಕಾರ್ಬರೋದ ಹಳೆಯ ಪೌರಸಭೆ ರದ್ದಾಗಿ ಅಧಿಕಾರವು ನಾರ್ತ್ ಯಾರ್ಕ್‌ಷೈರ್ ಕೌನ್ಸಿಲ್ಲಿನ ಕೈಸೇರಿದ ಮೇಲೆ, ಗಾಲಿಮನೆಗಳು ಅಲ್ಲಿ ರಾತ್ರಿ ನಿಲ್ಲಕೂಡದೆಂಬ ನಿರ್ಬಂಧವನ್ನು ಪ್ರಾಯೋಗಿಕವಾಗಿ ತರುವ ನಿರ್ಧಾರವೂ ಆಯಿತು.

ಊರವರ ದೂರುಗಳೇನೂ ಹುರುಳಿಲ್ಲದವಲ್ಲ. ಕಸ ಬೀಳುತ್ತದೆ, ಕೊಳೆನೀರು ಚರಂಡಿ ಸೇರುತ್ತದೆ, ಕಡಲಿನ ನೋಟಕ್ಕೆ ತಗಡಿನ ಗೋಡೆ ಅಡ್ಡ ಬರುತ್ತದೆ, ಮಕ್ಕಳೊಡನೆ ಹಗಲು ಕಳೆಯಬಂದವನಿಗೆ ಕಾರು ನಿಲ್ಲಿಸಲು ತಾವಿರುವುದಿಲ್ಲ. ನಾವೂ ಅಂಗಡಿಯಲ್ಲಿ ಮೀನು ಕೊಳ್ಳುತ್ತೇವೆ, ಚಹಾ ಕುಡಿಯುತ್ತೇವೆ, ನಿಲ್ಲುವುದಕ್ಕೆ ನೆಲೆ ತೋರಿಸಿದರೆ ಬಾಡಿಗೆಯನ್ನೂ ತೆರುತ್ತೇವೆ ಎಂಬುದು ಬಂದವರ ವಾದ. ಮೇಲುನೋಟಕ್ಕೆ ಇದು ಬಂಡಿ ನಿಲ್ಲಿಸುವ ಜಾಗದ ಜಗಳ. ಆದರೆ ನಿಷೇಧಿಸಹೊರಟಿರುವುದು ಹಗಲಿನ ನಿಲುಗಡೆಯನ್ನಲ್ಲ, ಇರುಳಿನದನ್ನು. ಊಟ ಮುಗಿಸಿ ಹೊರಡುವ ನೆಂಟನಿಗೂ ಹಾಸಿಗೆ ಬಿಚ್ಚುವ ನೆಂಟನಿಗೂ ನಾವೆಲ್ಲ ಮನೆಯಲ್ಲಿ ಮಾಡುವ ಭೇದವನ್ನೇ ಊರು ಮಾಡುತ್ತಿದೆ. ಈ ಭೇದಕ್ಕೆ ಇನ್ನೂರು ವರ್ಷ ಮೀರಿದ ಚರಿತ್ರೆಯಿದೆ.

ಸ್ಕಾರ್ಬರೋ ಮೊದಲು ಹೆಸರಾದದ್ದು ಕಡಲಿಂದಲ್ಲ, ಊಟೆಯಿಂದ. ೧೬೨೬ರ ಸುಮಾರಿಗೆ ಫ್ಯಾರರ್ ಎಂಬ ಗೃಹಿಣಿ ದಕ್ಷಿಣದ ಬಂಡೆಯ ಬುಡದಲ್ಲಿ ಜಿನುಗುತ್ತಿದ್ದ ನೀರು ಕಲ್ಲುಗಳನ್ನು ಕೆಂಪಾಗಿಸುವುದನ್ನು ಕಂಡಳು. ಖನಿಜಾಂಶವಿದ್ದ ಆ ನೀರು ರೋಗಹರವೆಂಬ ನಂಬಿಕೆ ಹಬ್ಬಿತು. ವಿಟ್ಟಿ ಎಂಬ ವೈದ್ಯ ೧೬೬೦ರಲ್ಲಿ ಅದನ್ನು ಹೊಗಳಿ ಒಂದು ಪುಸ್ತಕವನ್ನೇ ಬರೆದ. ಸಿರಿವಂತರು ಕುಡಿಯಲು ಬಂದರು, ಬಂದವರು ಕಡಲಿಗೂ ಇಳಿದರು. ಸೆಟರಿಂಗ್ಟನ್ ಎಂಬಾತ ೧೭೩೬ರಲ್ಲಿ ಕೆತ್ತಿದ ಚಿತ್ರವೊಂದರಲ್ಲಿ ಈ ದಂಡೆಯ ಮೇಲೆ ಸ್ನಾನ ಮಾಡುವ ಜನರೊಂದಿಗೆ ಗಾಲಿಗಳ ಮೇಲೆ ನಿಂತ ಒಂದು ಪುಟ್ಟ ಕೋಣೆಯೂ ಕಾಣುತ್ತದೆ. ಸ್ನಾನದ ಬಂಡಿ ಎಂದು ಮುಂದೆ ಆಂಗ್ಲ ಕಡಲೂರುಗಳಲ್ಲೆಲ್ಲ ಪ್ರಸಿದ್ಧವಾದ ಸಾಧನದ ಮೊದಲ ಗುರುತು ಇದೆಂದು ಹೇಳುವುದುಂಟು. ಒಳಗೆ ಕುಳಿತು ಉಡುಪು ಕಳಚಿದರೆ ಕುದುರೆ ಬಂಡಿಯನ್ನು ನೀರಿನೊಳಕ್ಕೆ ಎಳೆಯುವುದು. ಮರ್ಯಾದಸ್ಥರು ಪರರ ಕಣ್ಣಿಗೆ ಬೀಳದೆ ಮೆಟ್ಟಿಲಿಳಿದು ಮುಳುಗುವುದು. ಹೀಗೆ ಈ ದಂಡೆಗೆ ಬಂದ ಮೊದಲ ಗಾಲಿಮನೆಯನ್ನು ಊರು ಆದರದಿಂದಲೇ ಸ್ವಾಗತಿಸಿತು. ಬಂಡಿ ಊರವರದು, ಅದಕ್ಕೆ ಬಾಡಿಗೆಯುಂಟು, ಸಂಜೆಯಾಗುತ್ತಲೆ ಅದರೊಳಗೆ ಯಾರೂ ಇರುತ್ತಿರಲಿಲ್ಲ.

ಮುಂದಿನ ಶತಮಾನದಲ್ಲಿ ಉಗಿಬಂಡಿ ಬಂದಿತು. ಅದು ಬರುವುದಕ್ಕೂ ಮುಂಚೆಯೇ, ೧೮೪೦ರಲ್ಲಿ, ಜಾರ್ಜ್ ನೋಲ್ಸ್ ಎಂಬ ಸ್ಥಳಿಕ ಮಹಾಶಯ ರೈಲು ಬೇಡವೆಂದು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದ. ರೈಲು ಬಂದರೆ ಅಲೆಮಾರಿಗಳೂ ಕೈಯಲ್ಲಿ ಕಾಸಿಲ್ಲದವರೂ ಊರಿಗೆ ನುಗ್ಯಾರೆಂಬುದು ಅವನ ಭಯ. ಓದುಗರು ಈ ಮಾತನ್ನು ಗಮನದಲ್ಲಿಡಬೇಕು. ನೋಲ್ಸ್ ಮಹಾಶಯನ ಕಣ್ಣಿನಲ್ಲಿ ಅಲೆಮಾರಿತನವೂ ಖರ್ಚು ಮಾಡದಿರುವುದೂ ಒಂದೇ ಜಾತಿಯ ಅಪರಾಧಗಳು. ಅವನ ಮಾತು ನಡೆಯಲಿಲ್ಲ. ೧೮೪೫ರ ಜುಲೈ ೭ರಂದು ಯಾರ್ಕ್ ನಗರದಿಂದ ರೈಲು ಬಂದೇ ಬಂದಿತು. ಅದರೊಂದಿಗೆ ನೂಲಿನ ಗಿರಣಿಗಳ, ಕಬ್ಬಿಣದ ಕಾರ್ಖಾನೆಗಳ ಜನವೂ ಬಂದಿತು.

ಊರು ಆಗ ಮಾಡಿದ ಉಪಾಯ ಸ್ವಾರಸ್ಯವಾದುದು. ಬರಬೇಡಿರೆನ್ನಲಿಲ್ಲ, ಬಂದವರನ್ನು ಬೇರೆ ಬೇರೆ ಪಂಕ್ತಿಗಳಲ್ಲಿ ಕೂರಿಸಿತು. ಊಟೆಯ ಬಳಿಯ ಉದ್ಯಾನಕ್ಕೆ ಪ್ರವೇಶಧನ, ಅಲ್ಲಿಗೆ ಹೋಗಲು ೧೮೨೭ರಲ್ಲಿ ಕಟ್ಟಿದ ಸೇತುವೆಗೆ ಸುಂಕ. ತೆರಬಲ್ಲವರಿಗೆ ದಕ್ಷಿಣದ ವೈಭವ, ತೆರಲಾರದವರಿಗೆ ಬರಿಯ ಮರಳು. ೧೮೬೭ರಲ್ಲಿ ಕತ್‌ಬರ್ಟ್ ಬ್ರಾಡ್ರಿಕ್ ಎಂಬ ವಾಸ್ತುಶಿಲ್ಪಿಯ ಗ್ರ್ಯಾಂಡ್ ಹೋಟೆಲು ಬಂಡೆಯಂಚಿನಲ್ಲಿ ತಲೆಯೆತ್ತಿತು. ಋತುಗಳಿಗೊಂದರಂತೆ ನಾಲ್ಕು ಗೋಪುರ, ತಿಂಗಳಿಗೊಂದರಂತೆ ೧೨ ಅಂತಸ್ತು, ವಾರಕ್ಕೊಂದರಂತೆ ೫೨ ಹೊಗೆಗೂಡು, ದಿನಕ್ಕೊಂದರಂತೆ ೩೬೫ ಶಯನಗೃಹ. ಇರುಳನ್ನು ಮಾರುವ ಊರೊಂದು ವರ್ಷದ ಅಷ್ಟೂ ಇರುಳುಗಳಿಗೆ ಇಟ್ಟಿಗೆಯಲ್ಲಿ ಲೆಕ್ಕ ಬರೆದಿಟ್ಟಂತಿದೆ ಇದು. ಇಷ್ಟು ದೊಡ್ಡದಕ್ಕೆ ಹೋಗಲಾರದವರಿಗೆ ಹಿಂದಣ ಬೀದಿಗಳಲ್ಲಿ ಬಾಡಿಗೆ ಕೋಣೆಗಳಿದ್ದವು. ಕಡಲೂರಿನ ಮನೆಯೊಡತಿಯರು ಉಪ್ಪು ಮೆಣಸಿನ ಕುಡಿಕೆಗೂ ಬೇರೆ ಕಾಸು ಕೀಳುವರೆಂಬ ಹಾಸ್ಯ ಇಂಗ್ಲೆಂಡಿನಲ್ಲಿ ಮನೆಮಾತು. ಹಗಲು ಬಂದು ಹಗಲೇ ಹೋಗುವ ಗುಂಪುಗಳಿಗಾಗಿ ೧೯೦೮ರಲ್ಲಿ ಪ್ರತ್ಯೇಕವಾದ ಒಂದು ರೈಲುನಿಲ್ದಾಣವನ್ನೇ ಕಟ್ಟಿದರು. ಅಗ್ಗದ ವಿಹಾರಬಂಡಿಗಳು ಅಲ್ಲಿಗೆ ಬಂದು ಅಲ್ಲಿಂದಲೇ ಹಿಂದಿರುಗುತ್ತಿದ್ದವು. ೧೯೬೩ರಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಜನ ರೈಲನ್ನು ಬಿಟ್ಟು ಕಾರು ಹಿಡಿದಿದ್ದರು.

ಈ ಗುಂಪುಗಳಿಗೆ ಬಿಡುವನ್ನು ದೊರಕಿಸಿಕೊಟ್ಟವನು ಸರ್ ಜಾನ್ ಲಬಕ್. ಅವನು ೧೮೭೧ರಲ್ಲಿ ಪಾರ್ಲಿಮೆಂಟಿನಲ್ಲಿ ಮಾಡಿಸಿದ ಬ್ಯಾಂಕ್ ರಜೆಯ ಕಾಯಿದೆಯಿಂದ ಗುಮಾಸ್ತರಿಗೂ ಕೆಲಸಗಾರರಿಗೂ ಕಡಲು ಕಾಣುವ ಭಾಗ್ಯ ಒದಗಿತು. ಸಂಚಾರಕ್ಕೆ ಆಂಗ್ಲ ಶಾಸನ ಹೀಗೆ ಬಾಗಿಲು ತೆರೆದ ೧೮೭೧ರಲ್ಲಿಯೇ ನಮ್ಮ ದೇಶದಲ್ಲಿ ಆಂಗ್ಲ ಸರ್ಕಾರ ಇನ್ನೊಂದು ಕಾಯಿದೆ ಮಾಡಿತು. ಅಲೆದು ಬದುಕುವ ಅನೇಕ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲೆಗೆ ಸೇರಿಸುವ ಕಾಯಿದೆ ಅದು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದು, ೧೯೧೧ರಲ್ಲಿ ತೆಂಕಣಕ್ಕೂ ಹಬ್ಬಿತು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂದು ಇಂದಿಗೂ ಕರೆಯುವ ಭಾಗಕ್ಕೆ ಆ ಹೆಸರು ಬಂದದ್ದು ಇಂಥ ಜನರನ್ನು ಕಾವಲಿನಲ್ಲಿ ಇರಿಸಿದ್ದರಿಂದ. ಆ ಕಾಯಿದೆ ತೊಲಗಿದ್ದು ೧೯೫೨ರಲ್ಲಿ.

ಇಂಗ್ಲೆಂಡಿನಲ್ಲಿಯೂ ಅಲೆದು ಬದುಕುವವರಿದ್ದರು: ಜಿಪ್ಸಿಗಳು. ಅವರ ನುಡಿ ನಮ್ಮ ಉತ್ತರ ಭಾರತದ ನುಡಿಗಳ ಬಳಗದ್ದೆಂದು ೧೭೮೨ರಲ್ಲಿಯೇ ಜರ್ಮನ್ ವಿದ್ವಾಂಸ ರ್ಯೂಡಿಗರ್ ತೋರಿಸಿಕೊಟ್ಟಿದ್ದಾನೆ. ನೀರಿಗೆ ‘ಪಾನಿ’ ಎನ್ನುವ ಈ ಜನ ತಮ್ಮ ಬಣ್ಣದ ಬಂಡಿಗಳನ್ನು ಮನೆ ಮಾಡಿಕೊಂಡು ಹಾದಿಬದಿಯಲ್ಲಿ ತಂಗುತ್ತಿದ್ದರು. ರಾಜಮಾರ್ಗವನ್ನು ಲಾಯದಂಗಳ ಮಾಡಕೂಡದೆಂದು ೧೮೧೨ರಲ್ಲಿ ಲಾರ್ಡ್ ಎಲೆನ್‌ಬರೋ ತೀರ್ಪಿತ್ತಿದ್ದ. ಅದು ಲಂಡನ್ನಿನ ಬೀದಿಯಲ್ಲಿ ಹೊತ್ತುಗಟ್ಟಲೆ ನಿಲ್ಲುತ್ತಿದ್ದ ಸಾರೋಟುಗಳ ಮೊಕದ್ದಮೆ. ರಸ್ತೆ ಇರುವುದು ಸಾಗುವುದಕ್ಕೆ, ನಿಲ್ಲುವುದಕ್ಕಲ್ಲ ಎಂಬ ಆ ನ್ಯಾಯ ಎಲ್ಲರಿಗೂ ಸಮ. ಆದರೆ ೧೮೩೫ರ ಹೆದ್ದಾರಿ ಕಾಯಿದೆ ಜಿಪ್ಸಿ ಎಂಬ ಹೆಸರನ್ನೇ ಎತ್ತಿ, ರಸ್ತೆಯಲ್ಲಿ ಬೀಡುಬಿಟ್ಟರೆ ೪೦ ಷಿಲಿಂಗಿನವರೆಗೆ ದಂಡ ವಿಧಿಸಿತು. ೧೯೫೯ರಲ್ಲಿ ಹೊಸ ಹೆದ್ದಾರಿ ಕಾಯಿದೆ ಬಂದಾಗಲೂ ಆ ಹೆಸರು ಹಾಗೆಯೇ ಉಳಿಯಿತು.

ಇದರ ಎದುರಿಗೆ ಒಂದು ಚಿತ್ರವನ್ನಿಡಬೇಕು. ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯ, ಬಾಲಕರ ಕಥೆಗಳಿಂದ ಹೆಸರಾಗಿದ್ದವನು, ಬ್ರಿಸ್ಟಲ್ಲಿನ ಬಂಡಿ ಕಾರ್ಖಾನೆಯಲ್ಲಿ ತನಗೊಂದು ಗಾಲಿಮನೆ ಕಟ್ಟಿಸಿದ. ಹೆಸರು ‘ವಾಂಡರರ್’, ಎಂದರೆ ಅಲೆಮಾರಿ. ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ, ಒಬ್ಬ ಸಾರಥಿ. ಮುಂದೆ ದಾರಿ ನೋಡಲು ಮೂರು ಗಾಲಿಯ ಸೈಕಲ್ಲಿನ ಮೇಲೊಬ್ಬ ಸೇವಕ. ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋಗಿ ಆ ಪ್ರವಾಸವನ್ನು ಪುಸ್ತಕವಾಗಿ ಬರೆದ. ಜಿಪ್ಸಿ ಎಂಬ ಹೆಸರನ್ನು ತಾನೇ ತಮಾಷೆಗೆ ಧರಿಸಿ ‘ಸಭ್ಯ ಜಿಪ್ಸಿ’ ಎಂದು ಕರೆದುಕೊಂಡ. ಸರಿಯಾಗಿ ಅದೇ ವರ್ಷಗಳಲ್ಲಿ ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕ, ನಿಜವಾದ ಜಿಪ್ಸಿಗಳ ಬಂಡಿಗಳನ್ನೆಲ್ಲ ನೋಂದಾಯಿಸಬೇಕು, ತನಿಖೆ ಮಾಡಿಸಬೇಕು ಎಂದು ಪಾರ್ಲಿಮೆಂಟಿಗೆ ಮಸೂದೆಯ ಮೇಲೆ ಮಸೂದೆ ಹೊರಿಸುತ್ತಿದ್ದ. ಮಸೂದೆಗಳು ಬಿದ್ದುಹೋದವು. ಬಂಡಿ ಬಂಡಿಯೇ, ಒಳಗೆ ಕುಳಿತವನು ಯಾರೆಂಬುದರ ಮೇಲೆ ಅದು ವಿಹಾರವೋ ಪುಂಡಾಟವೋ ಆಗುತ್ತಿತ್ತು.

ಸ್ಟೇಬಲ್ಸನ ದಾರಿ ಹಿಡಿದವರು ೧೯೦೭ರಲ್ಲಿ ಕ್ಯಾರವಾನ್ ಕ್ಲಬ್ ಎಂಬ ಸಂಘ ಕಟ್ಟಿದರು. (ಪಾರಸಿಯ ‘ಕಾರವಾನ್’ ಎಂಬ ಮಾತೇ ಇಂಗ್ಲಿಷಿನಲ್ಲಿ ಕ್ಯಾರವಾನ್ ಆಗಿ, ತಲೆ ಕತ್ತರಿಸಿಕೊಂಡು ‘ವ್ಯಾನ್’ ಆಗಿ ನಮ್ಮ ‘ಶಾಲೆಯ ವ್ಯಾನು’ವರೆಗೆ ಬಂದಿದೆ. ಹಾಗೆಯೇ ನಮ್ಮ ಲಂಬಾಣಿಗಳ ‘ತಾಂಡಾ’ ಹಿಂದೆ ನಡೆಯುವ ಎತ್ತುಗಳ ಸಾಲು. ಇಂದು ನೆಲೆನಿಂತ ಊರು.) ಸಂಘ ಹುಟ್ಟಿದ ಮೂರೇ ವರ್ಷಕ್ಕೆ, ೧೯೧೦ರಲ್ಲಿ, ಪಶ್ಚಿಮ ತೀರದ ಬ್ಲಾಕ್‌ಪೂಲಿನಲ್ಲಿ ಮರಳ ದಿಬ್ಬಗಳ ಮೇಲೆ ಬಹುಕಾಲದಿಂದ ನೆಲೆಸಿ, ಬಂದವರಿಗೆ ಕಣಿ ಹೇಳಿ ಬದುಕುತ್ತಿದ್ದ ಜಿಪ್ಸಿಗಳನ್ನು ಎಬ್ಬಿಸಿ ಕಳುಹಿಸಿದರು. ಅಲ್ಲಿಯ ಮನರಂಜನೆಯ ಮೈದಾನ ಬೆಳೆಯುತ್ತಿತ್ತು. ಒಂದು ಕಾಲಕ್ಕೆ ಜಿಪ್ಸಿಗಳೇ ಆ ದಿಬ್ಬಗಳ ಆಕರ್ಷಣೆಯಾಗಿದ್ದರೆಂಬುದು ಮರೆತುಹೋಗಿತ್ತು.

ಮೋಟಾರು ಬಂದ ಮೇಲೆ ವಿಹಾರದ ಬಂಡಿಗಳ ಸಂಖ್ಯೆ ಬೆಳೆಯಿತು. ೧೯೫೦ರ ದಶಕದಲ್ಲಿ ಫೋಕ್‌ಸ್ಟನ್ ಎಂಬ ಇನ್ನೊಂದು ಕಡಲೂರಿನ ಮಾರ್ಟಿನ್ ವಾಲ್ಟರ್ ಕಂಪೆನಿ, ಬೆಡ್‌ಫರ್ಡ್ ವ್ಯಾನುಗಳಲ್ಲಿ ಮಲಗುವ ಏರ್ಪಾಟು ಮಾಡಿ ‘ಡಾರ್ಮೊಬೈಲ್’ ಎಂಬ ಹೆಸರಿನಿಂದ ಮಾರಿತು. ಮಲಗುವ ಮನೆಯೂ ಮೋಟಾರೂ ಕೂಡಿದ ಹೆಸರು. ಯುದ್ಧಾನಂತರದ ಮನೆಗಳ ಅಭಾವದಿಂದ ಸಾವಿರಾರು ಸಂಸಾರಗಳು ಕ್ಯಾರವಾನುಗಳಲ್ಲಿಯೇ ಬಾಳುತ್ತಿದ್ದ ಕಾಲ ಅದು. ಇದನ್ನೆಲ್ಲ ಹದ್ದಿಗೆ ತರಲು ೧೯೬೦ರಲ್ಲಿ ಒಂದು ಕಾಯಿದೆಯಾಯಿತು. ಪರವಾನಗಿಯಿಲ್ಲದ ನೆಲದಲ್ಲಿ ಬಿಡಾರವಿಲ್ಲ. ಊರ ಗೋಮಾಳಗಳನ್ನು ಕ್ಯಾರವಾನುಗಳಿಗೆ ಮುಚ್ಚಿಬಿಡುವ ಅಧಿಕಾರ ಗ್ರಾಮಾಂತರ ಕೌನ್ಸಿಲ್ಲುಗಳಿಗೆ. ವಿಹಾರಿಗಳಿಗೆ ಪರವಾನಗಿ ಪಡೆದ ಅಚ್ಚುಕಟ್ಟಾದ ತಾಣಗಳು ಸಿಕ್ಕಿದವು. ಗೋಮಾಳಗಳನ್ನೇ ನಂಬಿದ್ದ ಜಿಪ್ಸಿಗಳು ರಸ್ತೆಗೆ ಬಿದ್ದರು. ರಸ್ತೆಯಲ್ಲಿಯೋ ಹೆದ್ದಾರಿ ಕಾಯಿದೆ ಕಾದು ಕುಳಿತಿತ್ತು.

ಈ ಅನ್ಯಾಯವನ್ನು ಎತ್ತಿ ಹಿಡಿದವನು ಎರಿಕ್ ಲಬಕ್ ಎಂಬ ಲಿಬರಲ್ ಸದಸ್ಯ. ಬ್ಯಾಂಕ್ ರಜೆಯ ಸರ್ ಜಾನನ ಮೊಮ್ಮಗ. ಕಡಲಿಗೆ ಹೋಗಲು ಅಜ್ಜ ದಿನ ಕೊಡಿಸಿದ, ತಂಗಲು ಮೊಮ್ಮಗ ಜಾಗ ಕೊಡಿಸಿದ. ಅವನು ತಂದ ೧೯೬೮ರ ಕಾಯಿದೆಯಿಂದ ಜಿಪ್ಸಿಗಳಿಗೆ ತಾಣ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದಾಯಿತು. ಅನೇಕ ಸಂಸ್ಥೆಗಳು ಮೀನಮೇಷ ಎಣಿಸಿದವು. ೧೯೯೪ರಲ್ಲಿ ಪಾರ್ಲಿಮೆಂಟು ಆ ಕರ್ತವ್ಯವನ್ನೇ ತೆಗೆದುಹಾಕಿತು. ಅಪ್ಪಣೆಯಿಲ್ಲದೆ ಪರರ ನೆಲದಲ್ಲಿ ಬಂಡಿಯೊಡನೆ ಬೀಡುಬಿಟ್ಟು, ಹೊರಡೆಂದರೂ ಹೊರಡದಿರುವುದನ್ನು ಕೆಲವು ಸಂದರ್ಭಗಳಲ್ಲಿ ಅಪರಾಧವೇ ಆಗಿಸಿದ್ದು ೨೦೨೨ರ ಕಾಯಿದೆ.

ಈಗ ಮತ್ತೆ ರಾಯಲ್ ಆಲ್ಬರ್ಟ್ ಡ್ರೈವಿಗೆ ಬರೋಣ. ಅಲ್ಲಿ ನಿಲ್ಲುವ ಬಂಡಿಗಳ ಬಹುಪಾಲು ಒಡೆಯರು ಸ್ಟೇಬಲ್ಸನ ವಂಶದವರೇ. ಊರಲ್ಲಿ ಸ್ವಂತ ಮನೆಯುಳ್ಳವರು, ಅನೇಕರು ನಿವೃತ್ತರು. ಅವರ ಬಂಡಿಗಳ ಬೆಲೆ ಕೇಳಿದರೆ ನೋಲ್ಸ್ ಮಹಾಶಯ ಟೋಪಿ ತೆಗೆಯುತ್ತಿದ್ದ. ಆದರೂ ಅವನ ಹಳೆಯ ಮಾತು ಇವರ ಬೆನ್ನು ಹತ್ತಿದೆ: ಬರುತ್ತಾರೆ, ಕಾಸು ಬಿಚ್ಚುವುದಿಲ್ಲ. ೩೬೫ ಕೋಣೆಗಳನ್ನು ಕಟ್ಟಿದ ಊರಿಗೆ ಹಾಸಿಗೆಯನ್ನು ತಾನೇ ಹೊತ್ತು ತಂದವನ ಮೇಲೆ ಮುನಿಸು ಬರುವುದು ಸಹಜ. ಸಭ್ಯ ಜಿಪ್ಸಿಗೆ ಸುಮಾರು ನೂರನಲವತ್ತು ವರ್ಷ ಸಲ್ಲುತ್ತಿದ್ದ ರಿಯಾಯಿತಿ ಈಗ ಕೊನೆಗೊಳ್ಳುತ್ತಿದೆ. ಬಹುಶಃ ಅದಕ್ಕೇ ಇಷ್ಟು ಗದ್ದಲ. ಜಿಪ್ಸಿಗಳನ್ನು ಎಬ್ಬಿಸಿದಾಗ ಪತ್ರಿಕೆಗಳಿಗೆ ಕಾಗದ ಬರೆಯುವವರು ಇಷ್ಟು ಮಂದಿ ಇದ್ದಿರಲಾರರು.

ಕಡಲ್ಗಾಲುವೆಯ ಆಚೆ ಫ್ರಾನ್ಸಿನಲ್ಲಿ ಅನೇಕ ಊರುಗಳು ಈ ತೊಡಕನ್ನು ಸರಳವಾಗಿ ಬಿಡಿಸಿಕೊಂಡಿವೆ. ಊರಂಚಿನಲ್ಲಿ ಒಂದು ಮಟ್ಟಸವಾದ ನೆಲ, ಕುಡಿಯುವ ನೀರಿನ ನಲ್ಲಿ, ಕೊಳೆನೀರು ಸುರಿಯಲು ಮೋರಿ, ರಾತ್ರಿಗಿಷ್ಟೆಂದು ಅಲ್ಪ ಶುಲ್ಕ; ‘ಏರ್’ ಎಂದು ಅವರು ಕರೆಯುವ ಇಂಥ ತಾಣಗಳು ಆ ದೇಶದಲ್ಲೆಲ್ಲ ಹರಡಿವೆ. ನಮ್ಮ ಹಳೆಯ ಊರುಗಳಲ್ಲಿ ಗಾಡಿ ಬಿಡುವ ತೋಪು, ಪಕ್ಕದಲ್ಲೊಂದು ಕಟ್ಟೆ, ಬಾವಿ ಇರುತ್ತಿದ್ದವಲ್ಲ, ಅದೇ ಮಾದರಿ. ಇಂಗ್ಲೆಂಡಿನಲ್ಲಿಯೂ ಇದನ್ನು ಕೇಳುವವರಿದ್ದಾರೆ. ವಿಹಾರಕ್ಕೆ ಬಂದವನ ಮಟ್ಟಿಗೆ ಇದು ಸಾಕು. ರಾತ್ರಿಯ ಹಣವನ್ನು ಹೋಟೆಲಿಗೆ ಕೊಡುವುದರ ಬದಲು ಕೌನ್ಸಿಲ್ಲಿಗೆ ಕೊಟ್ಟಾನು. ಆದರೆ ಬಾಡಿಗೆಗಳು ಏರಿದ ಈ ವರ್ಷಗಳಲ್ಲಿ ಇಂಗ್ಲೆಂಡಿನ ಊರುಗಳಲ್ಲಿ ಹಳೆಯ ವ್ಯಾನನ್ನೇ ಮನೆ ಮಾಡಿಕೊಂಡು ಬೀದಿಯಲ್ಲಿ ಬಾಳುವವರೂ ಇದ್ದಾರೆ. ಬ್ರಿಸ್ಟಲ್ಲಿನಲ್ಲಿ, ‘ವಾಂಡರರ್’ ಹುಟ್ಟಿದ ಊರಿನಲ್ಲಿಯೇ, ಇವರ ಸಾಲು ದೊಡ್ಡದು. ರಾತ್ರಿ ನಿಲ್ಲಕೂಡದೆಂಬ ಫಲಕ ಕಂಡರೆ ಸ್ಕಾರ್ಬರೋದ ನಿವೃತ್ತ ದಂಪತಿಗಳು ಗೊಣಗುತ್ತ ಮನೆಗೆ ಹಿಂದಿರುಗುತ್ತಾರೆ. ಇವರು ಮುಂದಿನ ಬೀದಿಗೆ ಬಂಡಿ ಹೊರಡಿಸುತ್ತಾರೆ.