ವೈದ್ಯರನ್ನ ವಾಪಸ್ ಕಳಿಸಿದ ಚಕ್ರವರ್ತಿ

ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆ ಹೋಗೋ ರೈಲು ಹತ್ತಿದರೆ ಚಿತ್ತಾಪುರ ದಾಟಿ, ಸೇಡಂ ಬರೋಕಿಂತ ಮೊದಲು ‘ಮಳಖೇಡ ರೋಡ್’ ಅಂತ ಸ್ಟೇಷನ್ ಬರ್ತದ. ಈಗ ಸಿಮೆಂಟಿಗೆ ಹೆಸರಾದ ಈ ಮಳಖೇಡವೇ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ‘ಕವಿರಾಜಮಾರ್ಗ’ದ ಮಾತು ಎಲ್ಲರೂ ಆಡ್ತಾರ. ಇವತ್ತು ನಾನು ಕೇಳೋದು ಬೇರೆ. ದೊಡ್ಡ ಬೇನೆ ಬಿದ್ದ ಮನುಷ್ಯನನ್ನ ಆ ಕಾಲದವರು ಹೆಂಗ ನೋಡಿದ್ರು?

ಯಾಕಂದ್ರ ನಮ್ಮ ಕಡೆ ಯಾರಿಗಾದ್ರೂ ಕ್ಯಾನ್ಸರ್ ಅಂತ ಗೊತ್ತಾದ್ರೆ ಸಾಕು, ನೋಡಾಕ ಬಂದವರು “ಯಾವ ಜನ್ಮದ ಕರ್ಮನೋ” ಅಂತಾರ. ಅವರು ಚಾ ಕುಡಿದು ಹೋಗ್ತಾರ, ಆ ಮಾತು ಮಲಗಿದವರ ತಲ್ಯಾಗ ಉಳೀತದ.

ಈ ಚಟ ನಮ್ಮದಷ್ಟೇ ಅಲ್ಲ. ಪ್ರಾಚೀನ ಇಸ್ರೇಲಿನ ಯೋಬನ ಗ್ರಂಥ ನೋಡ್ರಿ, ಬೈಬಲ್‌ನ ಹಳೆ ಒಡಂಬಡಿಕೆಯಲ್ಲಿದೆ. ಯೋಬನಿಗೆ ಅಂಗಾಲಿನಿಂದ ನೆತ್ತಿವರೆಗೆ ಹುಣ್ಣು. ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಮೈ ಕೆರೆದುಕೊಳ್ತಾನೆ. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಸುಮ್ಮನೆ ಪಕ್ಕದಲ್ಲಿ ಕೂಡ್ತಾರೆ. ನನ್ನ ಕೇಳಿದ್ರೆ ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ, ನೀನೇ ಪಾಪ ಮಾಡಿರಬೇಕು ಅಂತ ವಾದ. ಯೋಬ ಒಪ್ಪೋದಿಲ್ಲ, ದೇವರನ್ನೇ ಪ್ರಶ್ನೆ ಮಾಡ್ತಾನೆ. ಕೊನೆಗೆ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅಂತ ದೇವರು ಸಿಟ್ಟಾಗೋದು ಆ ಗೆಳೆಯರ ಮೇಲೆ.

ಈಗ ಕನ್ನಡಕ್ಕೆ ಬರೋಣ. ಶಿವಕೋಟ್ಯಾಚಾರ್ಯರ ಹೆಸರಲ್ಲಿರೋ ‘ವಡ್ಡಾರಾಧನೆ’ ರಾಷ್ಟ್ರಕೂಟರ ಕಾಲದ್ದು, ಸುಮಾರು 10ನೇ ಶತಮಾನದ್ದು ಅಂತ ಬಹಳ ವಿದ್ವಾಂಸರ ಲೆಕ್ಕ. ಅದರ 19 ಕಥೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ದೇವತೆಗಳೇ ಬಂದು ನೋಡುವಂಥ ಚೆಲುವ. ಆ ಚೆಲುವು ಕರಗೋದು ಕಂಡು ರಾಜ್ಯ ಬಿಟ್ಟು ತಪಸ್ಸಿಗೆ ಹೋಗ್ತಾನೆ. ಮೈತುಂಬ ರೋಗ ಹತ್ತುತ್ತವೆ. ದೇವಲೋಕದಿಂದ ವೈದ್ಯನ ವೇಷದಲ್ಲಿ ಬಂದವನು ವಾಸಿ ಮಾಡ್ತೀನಿ ಅಂದ್ರೆ, ಹುಟ್ಟು-ಸಾವು ಅನ್ನೋ ರೋಗಕ್ಕೆ ಮದ್ದು ಇದ್ಯಾ ಅಂತ ಕೇಳ್ತಾನೆ. ಇಲ್ಲ. ಹಂಗಾದ್ರೆ ಈ ಮದ್ದು ಬೇಡ.

ಜೈನಧರ್ಮ ಕರ್ಮವನ್ನ ನಂಬುತ್ತದೆ, ಅದನ್ನ ಮುಚ್ಚಿಡೋ ಹಂಗಿಲ್ಲ. ಆದ್ರೂ ಇಲ್ಲಿ ರೋಗಿಯನ್ನ ಯಾರೂ ಹೀಯಾಳಿಸೋದಿಲ್ಲ. ಕಥೆಯಲ್ಲಿ ಎಲ್ಲರಿಗಿಂತ ಎತ್ತರ ನಿಂತವನೇ ಅವನು. ಯೋಬ ಜಗಳಕ್ಕೆ ನಿಂತ, ಇವನು ಸಹಿಸಿದ. ಇಬ್ಬರೂ ತಲೆ ತಗ್ಗಿಸಲಿಲ್ಲ.

ಇದನ್ನ ಹಿಡಕೊಂಡು “ಹಿಂದಿನವರು ಔಷಧ ಬೇಡ ಅಂದಾರ” ಅನ್ನಬ್ಯಾಡ್ರಿ. ಸನತ್ಕುಮಾರ ದೇಹದ ಆಸೆಯನ್ನೇ ಬಿಟ್ಟ ಮುನಿ, ಸಂಸಾರಿ ಅಲ್ಲ. ಅದೇ ಜೈನ ಪರಂಪರೆಯ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಅಂತ ಇಡೀ ವೈದ್ಯಗ್ರಂಥ ಬರೆದರು. ಔಷಧಕ್ಕೆ ಮಾಂಸ ಬೇಕಿಲ್ಲ ಅಂತ ನೃಪತುಂಗನ ಸಭೆಯಲ್ಲಿ ವೈದ್ಯರ ಎದುರು ವಾದ ಮಾಡಿದ್ದೂ ಆ ಗ್ರಂಥದಲ್ಲೇ ಇದೆ. ನೃಪತುಂಗ ಅಂದ್ರೆ ನಮ್ಮ ಮಳಖೇಡದ ಅಮೋಘವರ್ಷ ಅಂತ ವಿದ್ವಾಂಸರು ಗುರುತಿಸ್ತಾರೆ. ರೋಗಿಗೆ ಯಾವ ಮದ್ದು ಕೊಡಬೇಕು ಅಂತ ರಾಜಸಭೆಯಲ್ಲಿ ಚರ್ಚೆ ನಡೆದಿತ್ತು, ಕಾಗಿಣಾ ದಂಡೆಯ ಇದೇ ಊರಿನ ದೊರೆಯ ಎದುರು.